ಎಂಟನೆಯ ನರ

ಜೂನ್ 3, ಮಂಗಳವಾರ

ಮಾವ ಇವತ್ತು ಮೆಟ್ಟಿಲ ಮೇಲೆ ಬೇಕರಿ ಟ್ರೇಗಳ ಇಡೀ ಅಟ್ಟಿಯನ್ನೇ ಕೈಬಿಟ್ಟರು. ಅವು ಒಂದರ ಹಿಂದೊಂದು ಮೆಟ್ಟಿಲಿಳಿದವು. ಕೊನೆಯದು ಬಾಗಿಲ ಬಳಿ ಗಿರಗಿರ ಸುತ್ತಿ, ಮಲಗಲೋ ಬೇಡವೋ ಎಂದು ಯೋಚಿಸಿ, ಮಲಗಿತು. ಕಿವಿಗೆ ಹತ್ತಿ ತುರುಕಿಕೊಂಡಿದ್ದರೂ ನನ್ನ ಜೀವ ಬಾಯಿಗೆ ಬಂತು. ಎದುರುಮನೆಯ ನಾಯಿ ಬೊಗಳಿತು. ಬಟಾಣಿ ಬಿಡಿಸುತ್ತಿದ್ದ ಅತ್ತೆ ತಲೆಯನ್ನೂ ಎತ್ತದೆ, “ಎಷ್ಟು ಸೊಟ್ಟಾದ್ವು?” ಎಂದು ಕೇಳಿದರು.

ಮಗು ಏಳಲಿಲ್ಲ.

ಏಳಲಿಲ್ಲ ಎಂದರೆ ರೆಪ್ಪೆ ಅದುರಲಿಲ್ಲ, ಮುಷ್ಟಿ ಬಿಚ್ಚಲಿಲ್ಲ. ಇಷ್ಟು ಚಿಕ್ಕ ಕೂಸು ದೊಡ್ಡ ಸದ್ದಿಗೆ ಬೆಚ್ಚಬೇಕು. ಎರಡೂ ತೋಳು ಚಾಚಿ, ಬೆರಳು ಅರಳಿಸಿ, ಗಾಳಿಯನ್ನೇ ತಬ್ಬಿಕೊಳ್ಳುವ ಹಾಗೆ. ಹೆರಿಗೆ ರಜೆಗೆ ಮುಂಚೆ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ ಇದನ್ನೇ ಹೇಳಿಕೊಡುತ್ತಿದ್ದವಳು ನಾನು. ಸದ್ದು ಕಿವಿಯೊಳಗೆ ಹೋಗುತ್ತದೆ. ತಲೆಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಎಂಟನೆಯದು ಅದನ್ನು ಮಿದುಳಿನ ಬುಡಕ್ಕೆ ಒಯ್ಯುತ್ತದೆ. ಮೇಲಿನ ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ಬುಡದಿಂದಲೇ ಅಪ್ಪಣೆ ಹೊರಟು ತೋಳು ಹಾರುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಅತ್ತೆ ಉತ್ತರ ಕೊಡುವ ಹಾಗೆ.

“ನೋಡಿದ್ಯೇನಮ್ಮ, ನಮ್ಮ ರಿವೆಟ್ಟಿಗೆ ಎಂಥಾ ಗುಂಡಿಗೆ,” ಎಂದರು ಮಾವ, ಟ್ರೇ ಆರಿಸುತ್ತ.

ಅವರು ನನ್ನ ಮಗಳನ್ನು ಕರೆಯುವುದೇ ಹಾಗೆ. ತಗಡಿಗೆ ತಗಡು ಕೂಡಿಸುವ ಗುಂಡುತಲೆಯ ಮೊಳೆಗೆ ರಿವೆಟ್ಟು ಎನ್ನುತ್ತಾರಂತೆ. ನಾನಂತೂ ಸತ್ತರೂ ಹಾಗೆ ಕರೆಯುವುದಿಲ್ಲ.

ಕೆಳಗೆ ಅವರ ತಗಡಿನ ಅಂಗಡಿ, ಮೇಲೆ ಅವರ ಮನೆ. ಬೆಳಗಿನ ಟೀ ಆದಮೇಲೆ ಸುತ್ತಿಗೆ ಎತ್ತಿದರೆ ಕತ್ತಲಾಗುವ ತನಕ ಇಳಿಸುವುದಿಲ್ಲ; ಅವರು ಎದ್ದು ಹೋದರೂ ಕೆಲಸದ ಹುಡುಗರ ಸುತ್ತಿಗೆ ನಡೆಯುತ್ತಲೇ ಇರುತ್ತದೆ. ಮದುವೆಯಾದಾಗ ನಾನು ಹಗಲೆಲ್ಲ ಕಾಲೇಜಿನಲ್ಲಿರುತ್ತಿದ್ದೆ, ಗೊತ್ತಾಗಲಿಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ಡಾಕ್ಟರು “ಮಲಗಿಯೇ ಇರಿ” ಎಂದಮೇಲೆ ಗೊತ್ತಾಯಿತು. ಆಗಿನಿಂದ ನನಗೆ ಹತ್ತಿಯೇ ಗತಿ.

ಅಮ್ಮ ಫೋನ್ ಮಾಡಿದಳು. “ಅದೇನೇ ಆ ಶಬ್ದ? ಮನೆ ಕೆಡವ್ತಿದ್ದಾರಾ?”

“ಇಲ್ಲಮ್ಮ. ಬಕೆಟ್ ಮಾಡ್ತಿದ್ದಾರೆ.”

“ಎಷ್ಟು ಬಕೆಟ್ಟೇ?”

“ಪ್ರಪಂಚಕ್ಕೆ ಆಗೋವಷ್ಟು.”

ಟ್ರೇ ವಿಷಯ ಅಮ್ಮನಿಗೆ ಹೇಳಲಿಲ್ಲ.

ಜೂನ್ 4, ಬುಧವಾರ

ರಾತ್ರಿಯೆಲ್ಲ ಮಗು ಮಲಗಲಿಲ್ಲ, ನಾನೂ ಮಲಗಲಿಲ್ಲ. ಬೆಳಗಾದ ಮೇಲೆ ಅದು ಮಲಗಿತು. ನಾನು ಪರೀಕ್ಷೆಗೆ ಕೂತೆ.

ತಲೆಯ ಹಿಂದೆ ಚಪ್ಪಾಳೆ ತಟ್ಟಿದೆ. ಇಲ್ಲ. ಬೀಗದ ಕೈ ಗೊಂಚಲು ಅಲ್ಲಾಡಿಸಿದೆ. ಇಲ್ಲ. ಸ್ಟೀಲಿನ ತಟ್ಟೆಯನ್ನು ಬೇಕೆಂದೇ ನೆಲಕ್ಕೆ ಹಾಕಿದೆ. ಮಗು ತುಟಿ ಚಪ್ಪರಿಸಿತು. ಕೆಳಗಿನಿಂದ ಮಾವನ ದನಿ ಬಂತು: “ಅದು ನಮ್ದಲ್ಲ, ಮೇಲಿಂದು!”

ಇವರು ಊಟಕ್ಕೆ ಬಂದಾಗ ಹೇಳಿದೆ. ನನ್ನ ಗಂಡನದು ಮಾಲು ತಲುಪಿಸುವ ಕೆಲಸ. ಟೆಂಪೋದಲ್ಲಿ ಬಕೆಟ್ಟು, ಟ್ರಂಕು, ಆಲಿಕೆ ಎಲ್ಲ ಸರಿಯಾದ ವಿಳಾಸಕ್ಕೆ ಹೋಗುತ್ತವೆ. ನಾನು ಹೇಳಿದ ಮಾತು ಮಾತ್ರ ಇವರ ತಲೆಯ ವಿಳಾಸಕ್ಕೆ ತಡವಾಗಿ ಹೋಗುತ್ತದೆ. ಎರಡು ನರಕೋಶಗಳು ಒಂದನ್ನೊಂದು ಮುಟ್ಟುವುದಿಲ್ಲ, ನಡುವೆ ಸಣ್ಣ ಕಂದಕವಿರುತ್ತದೆ. ಈ ಕಡೆಯವನು ರಾಸಾಯನಿಕ ಚೆಲ್ಲಬೇಕು, ಆ ಕಡೆಯವನು ಅದನ್ನು ಹಿಡಿದುಕೊಳ್ಳಬೇಕು, ಆಗಲೇ ಸುದ್ದಿ ದಾಟುವುದು. ನಮ್ಮಿಬ್ಬರ ನಡುವೆಯೂ ಅಂಥದೇ ಕಂದಕ. ರಾಸಾಯನಿಕ ಎಂದರೆ ಟೀ.

ಟೀ ಕೊಟ್ಟೆ. ಅರ್ಧ ಲೋಟ ಮುಗಿದಮೇಲೆ ಸುದ್ದಿ ದಾಟಿತು.

“ಕಿವಿ ಕೇಳ್ಸಲ್ಲ ಅಂತೀಯಾ?”

“ಗೊತ್ತಿಲ್ಲ ಅಂತೀನಿ. ನಿಮ್ಮಪ್ಪನಿಗೂ ಸರಿಯಾಗಿ ಕೇಳ್ಸಲ್ವಲ್ಲ.”

“ಅಪ್ಪನಿಗೆ ಅಮ್ಮ ಕರೆದ್ರೆ ಮಾತ್ರ ಕೇಳ್ಸಲ್ಲ,” ಎಂದು ನಕ್ಕರು. ನಾನು ನಗಲಿಲ್ಲ. ಲೋಟ ಕೆಳಗಿಟ್ಟು, “ಡಾಕ್ಟರಿಗೆ ತೋರ್ಸೋಣ,” ಎಂದರು.

ಜೂನ್ 8, ಭಾನುವಾರ

ಇಡೀ ದಿನ ಅಳು. ನಾನು ಏನು ತಿಂದೆನೋ. ಅಂಗಡಿಗೆ ರಜೆ ಎಂದು ಇವರು ಮನೆಯಲ್ಲೇ ಇದ್ದರು. “ಅಪ್ಪನ ಮುಖ ನೋಡಿದ್ರೆ ಅಳು ಬರತ್ತೆ ಪಾಪ,” ಎಂದರು ಅತ್ತೆ. ಅದಾದರೂ ನಿಜವಾಗಿದ್ದರೆ ಕಣ್ಣಿನ ನರ ಚೆನ್ನಾಗಿದೆ ಎಂದಾಯಿತು.

ಜೂನ್ 10, ಮಂಗಳವಾರ

ಮಕ್ಕಳ ಡಾಕ್ಟರು ಕುಳ್ಳಗೆ, ಚೂಟಿಯಾಗಿದ್ದಾರೆ. ಮಗುವನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಂಗೈಗೆ ಬೆರಳಿಟ್ಟರೆ ಹಿಡಿಯಿತು. ಅಂಗಾಲು ಗೀರಿದರೆ ಬೆರಳು ಬೀಸಣಿಗೆಯಂತೆ ಬಿಚ್ಚಿತು. ತಲೆಯನ್ನು ಸ್ವಲ್ಪ ಕೈಬಿಟ್ಟಂತೆ ಮಾಡಿದರೆ ತೋಳು ಚಾಚಿತು.

“ಎಲ್ಲ ತಂತಿನೂ ಸರಿ ಇದೆ,” ಎಂದರು.

“ತೋಳಿಗೆ ಹೋಗೋ ತಂತಿ ಸರಿ ಇದೆ ಅಂತ ಅಷ್ಟೇ ಆಯ್ತು ಡಾಕ್ಟ್ರೇ. ಕಿವಿಯಿಂದ ಬರೋ ತಂತಿ?”

ಅವರು ಕನ್ನಡಕದ ಮೇಲಿನಿಂದ ನೋಡಿದರು. “ಏನು ಓದಿದೀರಿ?”

ಹೇಳಿದೆ.

“ಅದೇ ನೋಡಿ. ಓದದೇ ಇದ್ದವರು ಒಂದೇ ಕಾಯಿಲೆಗೆ ಹೆದರ್ತಾರೆ. ನೀವು ಇಡೀ ಪುಸ್ತಕಕ್ಕೆ.”

ಹುಟ್ಟಿದಾಗ ಕಿವಿ ಪರೀಕ್ಷೆ ಆಗಿತ್ತೇ ಎಂದು ಕೇಳಿದರು. ಆಗಿರಲಿಲ್ಲ. ಆಗ ಯಂತ್ರ ರಿಪೇರಿಗೆ ಹೋಗಿತ್ತು, ಆಮೇಲೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಾವನ ಕಿವಿಯ ವಿಷಯ ಹೇಳಿದ್ದಕ್ಕೆ, ಸುತ್ತಿಗೆಯಿಂದ ಮಂದವಾದ ಕಿವಿ ಮೊಮ್ಮಕ್ಕಳಿಗೆ ಆಸ್ತಿಯಾಗಿ ಬರುವುದಿಲ್ಲ ಎಂದರು. ಆದರೂ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ಅವರು ಬರೆಯದೆ ಇದ್ದಿದ್ದರೆ ಹೆದರಿಕೆಯಾಗುತ್ತಿತ್ತು. ಬರೆದದ್ದಕ್ಕೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಜೂನ್ 12, ಗುರುವಾರ

ಕೆಳಗೆ ಟೀ ಕೊಡಲು ಹೋದಾಗ ಮಾವ ಸುತ್ತಿಗೆ ಇಳಿಸಿ, “ಈ ನರ ನರ ಅಂತೀಯಲ್ಲಮ್ಮ, ಅದು ನೋಡೋಕೆ ಹೇಗಿರತ್ತೆ?” ಎಂದರು.

ಬಕೆಟ್ಟಿನ ತಳ ಕತ್ತರಿಸಿ ಉಳಿದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಒಂದು ನರಕೋಶ. ಮಧ್ಯೆ ಕೋಶದ ಮೈ, ಅದರೊಳಗೆ ಕೇಂದ್ರ. ಸುತ್ತ ಕೊಂಬೆ ಕೊಂಬೆಯಾಗಿ ಡೆಂಡ್ರೈಟುಗಳು. ಸುದ್ದಿ ಒಳಗೆ ಬರುವುದು ಅವುಗಳಿಂದ. ಒಂದು ಕಡೆಯಿಂದ ಉದ್ದಕ್ಕೆ ಹೊರಟ ಬಾಲ ಆಕ್ಸಾನ್. ಸುದ್ದಿ ಹೊರಗೆ ಹೋಗುವುದು ಅದರಿಂದ. ಇಂಥ ಬಾಲಗಳನ್ನು ಕಂತೆ ಕಟ್ಟಿದರೆ ಒಂದು ನರ. ಮಿದುಳು ಮತ್ತು ಬೆನ್ನೊಳಗಿನ ಮಿದುಳುಬಳ್ಳಿ ಸೇರಿ ಕೇಂದ್ರ ಕಚೇರಿ. ಅಲ್ಲಿಂದ ಮೈಯೆಲ್ಲ ಹರಡಿದ ನರಗಳು ಅದರ ಶಾಖೆಗಳು. ಕೆಲವು ಸುದ್ದಿ ತರುತ್ತವೆ, ಕೆಲವು ಅಪ್ಪಣೆ ಒಯ್ಯುತ್ತವೆ.

“ಬೇರು ಸಮೇತ ಕಿತ್ತ ಗಿಡದ ಹಾಗಿದೆ,” ಎಂದರು ಮಾವ. “ಬಾಲದ ಮೇಲೆ ಇದೇನು?”

“ಮಯಲಿನ್ ಅಂತ. ಹೊದಿಕೆ. ವೈರಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ.”

“ಮಧ್ಯೆ ಮಧ್ಯೆ ಬಿಟ್ಟಿದಾರಲ್ಲ. ಮಾಲು ಉಳಿಸೋಕಾ?”

“ಇಲ್ಲ ಮಾವ. ಸುದ್ದಿ ಆ ಸಂದಿನಿಂದ ಸಂದಿಗೆ ನೆಗೆದು ಹೋಗತ್ತೆ. ಅದಕ್ಕೇ ಬೇಗ ಹೋಗತ್ತೆ.”

“ಕಂಟ್ರಾಕ್ಟರು ಬುದ್ಧಿವಂತ.” ತಗಡನ್ನು ಬೆಳಕಿಗೆ ಹಿಡಿದು ನೋಡಿದರು. “ಈ ಹೊದಿಕೆ ಯಾವುದರದ್ದು?”

“ಹೆಚ್ಚಾಗಿ ಕೊಬ್ಬು. ಮಗುವಿಗೆ ಇನ್ನೂ ಪೂರ್ತಿ ಸುತ್ತಿರಲ್ಲ. ವರ್ಷಗಟ್ಟಲೆ ಸುತ್ತುತ್ತಾ ಇರತ್ತೆ.”

ಸಂಜೆ ನೋಡಿದರೆ ಮಾವ ಚಮಚದ ತುದಿಯಲ್ಲಿ ಬೆಣ್ಣೆ ಹಿಡಿದು ತೊಟ್ಟಿಲ ಬಳಿ ನಿಂತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮನೆ ಇದು. ಇಲ್ಲಿ ವಿಜ್ಞಾನ ಹೇಳುವಾಗ ನಾನು ಹುಷಾರಾಗಿರಬೇಕು.

ಜೂನ್ 15, ಭಾನುವಾರ

ಮತ್ತೆ ಅಳು. ಅತ್ತೆಯ ತೋಳು, ನನ್ನ ತೋಳು, ಇವರ ತೋಳು, ಮತ್ತೆ ಅತ್ತೆಯ ತೋಳು. ಬಟಾಣಿ ತಿನ್ನುವುದು ಬಿಟ್ಟಿದ್ದೇನೆ.

ಜೂನ್ 17, ಮಂಗಳವಾರ

ಪರೀಕ್ಷೆ ಆಗಲಿಲ್ಲ.

ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನನ್ನ ಬಳೆ ನನಗೇ ಜೋರಾಗಿ ಕೇಳಿತು. ಗೋಡೆಗೆಲ್ಲ ಸ್ಪಂಜು. ಪರೀಕ್ಷೆ ಮಾಡುವ ಹುಡುಗಿಗೆ ಮೆಲುದನಿ, ನುಣುಪು ಕೈ. ಮಗುವಿನ ಹಣೆಗೆ, ಕಿವಿಗಳ ಹಿಂದೆ ಅಂಟು ಬಿಲ್ಲೆ ಹಾಕುತ್ತಾಳಂತೆ. ಕಿವಿಯೊಳಗೆ ಟಿಕ್ ಟಿಕ್ ಸದ್ದು ಬಿಡುತ್ತಾಳಂತೆ. ನರ ಆ ಸದ್ದನ್ನು ಮಿದುಳಿನ ಬುಡಕ್ಕೆ ಒಯ್ಯುವಾಗ ಹುಟ್ಟುವ ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಬರುತ್ತದಂತೆ. ಮಗು ಮಾತ್ರ ಮಲಗಿರಬೇಕು.

ಟೆಂಪೋದಲ್ಲಿ ಸುಖವಾಗಿ ಮಲಗಿ ಬಂದ ಮಗು ಆ ಕೋಣೆಯ ಬಾಗಿಲು ಮುಚ್ಚಿದ ಕ್ಷಣ ಕಣ್ಣು ಬಿಟ್ಟಿತು. ಆಮೇಲೆ ಬಾಯಿ. ಹಾಲು ಕೊಟ್ಟೆ, ತಟ್ಟಿದೆ, ತೂಗಿದೆ.

“ಎಲ್ಲ ಮಕ್ಕಳೂ ಇಲ್ಲಿ ಬಂದ ತಕ್ಷಣ ಮಲಗ್ಬಿಡ್ತವೆ,” ಎಂದಳು ಹುಡುಗಿ, ಬೇಸರದಿಂದಲ್ಲ, ಬೆರಗಿನಿಂದ. “ನಿಮ್ಮ ಮನೇಲಿ ಹೇಗೆ ಮಲಗ್ಸ್ತೀರಿ?”

“ಮನೇಲಿ ಅವಳ ಪಾಡಿಗೆ ಅವಳು ಮಲಗ್ತಾಳೆ,” ಎಂದೆ. ಸುಳ್ಳು ಹೇಳಿದ ಹಾಗೆ ಕಾಣಿಸಿರಬೇಕು.

ಮುಂದಿನ ತಿಂಗಳ ಮೊದಲನೆಯ ದಿನ ಬನ್ನಿ ಎಂದಳು. ದಾರಿಯುದ್ದಕ್ಕೂ ಅತ್ತ ಮಗು ಅಂಗಡಿಯ ಬಾಗಿಲಿಗೆ ಬರುವಷ್ಟರಲ್ಲಿ ನಿದ್ದೆ. ಪಾಪ, ಅತ್ತು ಅತ್ತು ಸುಸ್ತಾಗಿತ್ತು.

ಜೂನ್ 20, ಶುಕ್ರವಾರ

ಇವತ್ತು ಅತ್ತೆ ನನ್ನನ್ನು ಬೈದರು. ಬಹಳ ಮೆತ್ತಗೆ ಬೈದರು, ಅದಕ್ಕೇ ನಾಟಿತು.

ನಾನು ಮಗುವಿನ ಎಡಗಿವಿಯ ಹತ್ತಿರ ಚಮಚದಿಂದ ಲೋಟ ಬಡಿಯುತ್ತಿದ್ದೆ. ಅತ್ತೆ ಬಂದು ಚಮಚ ತೆಗೆದುಕೊಂಡರು.

“ಅದು ಮಗುನೋ, ನಿನ್ನ ಲ್ಯಾಬಿನ ಕಪ್ಪೆನೋ?”

ನಾನು ಲೋಟ ಕೆಳಗಿಟ್ಟೆ.

“ಎಷ್ಟು ದಿನ ಆಯ್ತು ಅದರ ಜೊತೆ ಮಾತಾಡಿ? ಮುಂಚೆ ಏನೇನೋ ಗುಣುಗ್ತಿದ್ದೆ. ಈಗ ಬರೀ ಚಪ್ಪಾಳೆ, ತಟ್ಟೆ.”

“ಕೇಳಿಸ್ದೆ ಇದ್ರೆ ಯಾಕೆ ಮಾತಾಡ್ಲಿ ಅತ್ತೆ?” ಎಂದುಬಿಟ್ಟೆ. ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಕೋಣೆಯಲ್ಲೇ ಉಳಿದುಕೊಂಡಿತು.

ಅತ್ತೆ ಮಗುವನ್ನು ಎತ್ತಿಕೊಂಡರು. “ನಿಮ್ಮ ಮಾವನಿಗೆ ನಾನು ಇಷ್ಟು ವರ್ಷದಿಂದ ಮಾತಾಡ್ತಾನೇ ಇದೀನಿ. ಕೇಳಿಸ್ಲಿ ಅಂತ ಮಾತಾಡಿದ್ರೆ ಯಾವತ್ತೋ ನಿಲ್ಲಿಸ್ಬಿಡ್ತಿದ್ದೆ,” ಎಂದರು. “ಹೋಗು, ಮಲಕ್ಕೋ.”

ನರಮಂಡಲದಲ್ಲಿ ನರಕೋಶಗಳಷ್ಟೇ ಇರುವುದಿಲ್ಲ, ಗ್ಲಿಯಾ ಎಂಬ ಕೋಶಗಳೂ ಇವೆ. ಅವುಗಳ ಹೆಸರಿನ ಅರ್ಥವೇ ಅಂಟು. ಸುದ್ದಿ ಒಯ್ಯದ ಅವುಗಳಿಗೆ ಬೇರೇನೂ ಕೆಲಸವಿಲ್ಲ, ಸುಮ್ಮನೆ ಜಾಗ ತುಂಬುತ್ತವೆ ಎಂದು ಬಹಳ ಕಾಲ ತಿಳಿದಿದ್ದರು. ಆಮೇಲೆ ನೋಡಿದರೆ ನರಕೋಶಕ್ಕೆ ಊಟ ಕೊಡುವುದು ಅವು, ಕಸ ಗುಡಿಸುವುದು ಅವು, ಮಯಲಿನ್ ಸುತ್ತುವುದೂ ಅವು. ಪರೀಕ್ಷೆಯಲ್ಲಿ ಗ್ಲಿಯಾಕ್ಕೆ ಒಂದು ಸಾಲು ಬರೆದರೆ ಸಾಕು ಎಂದು ಹುಡುಗರಿಗೆ ನಾನೇ ಹೇಳುತ್ತಿದ್ದೆ.

ಅತ್ತೆಗೆ ಇದನ್ನು ಹೇಳಲಿಲ್ಲ. “ನನ್ನನ್ನ ಗೋಂದು ಅಂದ್ಯಾ?” ಎನ್ನುತ್ತಾರೆ.

ಹೋಗಿ ಮಲಗಿದೆ. ಹತ್ತಿ ಹುಡುಕಿದೆ, ಮುಗಿದಿತ್ತು. ತರಿಸಬೇಕು ಎಂದುಕೊಳ್ಳುತ್ತಿದ್ದ ಹಾಗೇ ಕಣ್ಣು ಹತ್ತಿತು. ಎದ್ದಾಗ ಸಂಜೆಯ ಟೀ ಹೊತ್ತು.

ಸಂಜೆ ಇನ್ನೊಂದು ನಡೆಯಿತು. ಅಡುಗೆಮನೆಯ ಕಿಟಕಿಯಿಂದ ಕೆಳಗಿನ ಅಂಗಡಿಗೆ ಒಂದು ದಾರ ಇಳಿಬಿಟ್ಟಿದ್ದಾರೆ. ಆ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ದಾರದ ತುದಿಗೆ ಕೆಂಪು ಬಣ್ಣದ ತಗಡಿನ ಮುಚ್ಚಳ ಕಟ್ಟಿದ್ದಾರೆ. ಅತ್ತೆ ಒಂದು ಸಲ ಜಗ್ಗಿದರೆ ಮುಚ್ಚಳ ಒಂದು ಸಲ ಕುಣಿಯುತ್ತದೆ: ಊಟ. ಎರಡು ಸಲ: ಟೀ. ಮೂರು: ಯಾರೋ ಬಂದಿದ್ದಾರೆ. ಯೋಚನೆ ಮಾಡುವವರು ಯಾರೂ ನಡುವೆ ಇಲ್ಲ. ದಾರ ಜಗ್ಗಿದರೆ ಮಾವ ಎದ್ದು ಬರುತ್ತಾರೆ, ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಹಾರುವ ಹಾಗೆ. ಮನೆಗೆ ಬಂದಾಗಿನಿಂದ ನಾನು ಅದನ್ನು ಮುಟ್ಟಿರಲಿಲ್ಲ.

“ನಿನಗೂ ಒಂದು ಇರ್ಲಮ್ಮ,” ಎಂದರು ಮಾವ. “ನಾಲ್ಕು ಸಲ ಜಗ್ಗಿದ್ರೆ ಕೆಲಸ ನಿಲ್ಲಿಸ್ತೀವಿ. ಮಗುಗೆ ಸಣ್ಣ ಸದ್ದು ಮಾಡಿ ನೋಡ್ಬೇಕು ಅಂತಿದ್ಯಲ್ಲ, ಈ ಗಲಾಟೇಲಿ ಹೇಗೆ ನೋಡ್ತೀಯ? ಬುಧವಾರ ಮಧ್ಯಾಹ್ನ ನಿಲ್ಲಿಸೋಣ. ಬೇಕರಿಯವನು ಕಾಯ್ತಾನೆ.”

ಬೇಕರಿಯವನು ಕಾಯುವವನಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಜೂನ್ 22, ಭಾನುವಾರ

ಅಳು. ನಾನು ಬಿಡಬೇಕಾದ ತಿಂಡಿ ಇನ್ನೇನೂ ಉಳಿದಿಲ್ಲ.

ಜೂನ್ 25, ಬುಧವಾರ

ನಗು ಬರುತ್ತಿದೆ. ಕ್ರಮವಾಗಿ ಬರೆಯುತ್ತೇನೆ.

ಊಟವಾದ ಮೇಲೆ ಮಗು ಮಲಗಿತು. ನನ್ನ ಲೆಕ್ಕ ಹೀಗಿತ್ತು: ಮೊದಲು ನಿದ್ದೆ ಗಟ್ಟಿಯಾಗಲಿ, ಆಮೇಲೆ ನಾಲ್ಕು ಸಲ ದಾರ ಜಗ್ಗುವುದು, ಕೆಲಸ ನಿಂತಮೇಲೆ ಸಣ್ಣ ಗಂಟೆ ಆಡಿಸಿ ನೋಡುವುದು. ಗಂಟೆ ಹಿಡಿದು ತೊಟ್ಟಿಲ ಪಕ್ಕ ಚಾಪೆಯ ಮೇಲೆ ಒರಗಿದೆ. ಅಷ್ಟೇ ನೆನಪು.

ಮುಂದಿನ ನೆನಪು, ಎದೆ ಧಸಕ್ಕೆಂದು ಎದ್ದು ಕೂತಿದ್ದು. ಏನೋ ಅನಾಹುತವಾಗಿದೆ ಎಂದು ಮೈಯೆಲ್ಲ ಹೇಳುತ್ತಿತ್ತು. ಏನೆಂದು ಗೊತ್ತಿಲ್ಲ. ತೊಟ್ಟಿಲಲ್ಲಿ ಮಗು ಎರಡೂ ತೋಳು ಚಾಚಿ, ಬೆರಳು ಅರಳಿಸಿ, ಕಿರುಚುತ್ತಿತ್ತು. ನಾನು ಅಡುಗೆಮನೆಗೆ ಓಡಿ ದಾರ ಜಗ್ಗಿದೆ. ನಾಲ್ಕಲ್ಲ, ಹತ್ತಲ್ಲ, ಕೈಗೆ ಬಂದಷ್ಟು ಜಗ್ಗಿದೆ. ಮುಚ್ಚಳಕ್ಕೆ ಭೂತ ಹಿಡಿಯಿತಂತೆ. ಮಾವ ಒಂದೇ ಚಪ್ಪಲಿಯಲ್ಲಿ ಮೇಲೆ ಬಂದರು. ಹಿಂದೆ ಇವರು. ಅವರ ಹಿಂದೆ ಹಿಟ್ಟಿನ ಕೈಯ ಅತ್ತೆ.

“ಏನಾಯ್ತಮ್ಮ?”

“ಯಾಕೆ ನಿಲ್ಲಿಸಿದ್ರಿ?” ಎಂದು ಕೂಗಿದೆ.

ಮಾವ ನನ್ನನ್ನು ನೋಡಿದರು. “ನೀನೇ ಅಲ್ವೇನಮ್ಮ ನಿಲ್ಲಿಸೋಕೆ ಹೇಳಿದ್ದು? ದಾರ ಜಗ್ತೀಯ ಅಂತ ಕಾದ್ವಿ, ಕಾದ್ವಿ. ಮರೆತಿದೀಯ ಅಂತ ನಾವೇ ನಿಲ್ಲಿಸಿದ್ವಿ.”

ಮಗು ಒಂದೇ ಸಮನೆ ಅಳುತ್ತಿತ್ತು. ಅತ್ತೆ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡರು, ಅಳು ನಿಲ್ಲಲಿಲ್ಲ.

“ಮಗು ಎದ್ದಿದ್ದು ಯಾವಾಗ?” ಎಂದರು ಅತ್ತೆ.

“ಈಗ. ನಾನು ಎದ್ದಾಗಲೇ.”

ಇವರು ಗೋಡೆಗೊರಗಿ ನಿಂತಿದ್ದರು. ಕಂದಕ ದಾಟಿ ಏನೋ ಬರುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಈ ಸಲ ಟೀ ಕೂಡ ಇಲ್ಲದೆ ಬಂತು.

“ಕೇಳ್ಸಲ್ಲ ಅಂದ್ರೆ, ನಿಂತಿದ್ದು ಹೇಗೆ ಗೊತ್ತಾಯ್ತು?”

ಮಾವ ಕೆಳಗೆ ಹೋದರು. ಸುತ್ತಿಗೆ ಶುರುವಾಯಿತು. ಅತ್ತೆಯ ಹೆಗಲ ಮೇಲೆ ಮಗು ಬಿಕ್ಕಿತು, ಆಮೇಲೆ ತೂಕಡಿಸಿತು, ಆಮೇಲೆ ಬಾಯಿ ತೆರೆದು ಮಲಗಿತು. ಅತ್ತೆ ದಾರವನ್ನು ನಾಲ್ಕು ಸಲ ಜಗ್ಗಿದರು. ಸದ್ದು ನಿಂತಿತು. ಮಗು ಕಣ್ಣು ಬಿಟ್ಟು, ತುಟಿ ಸೊಟ್ಟ ಮಾಡಿತು.

“ಅಯ್ಯೋ, ಅದಕ್ಕೇ ಕಣೇ ಭಾನುವಾರ!” ಎಂದರು ಅತ್ತೆ. “ಪಾಪ, ನನ್ನ ಮಗನ ಮುಖಕ್ಕೆ ಸುಮ್ನೆ ಅಂದೆ.”

“ಈಗಲಾದ್ರೂ ಹೇಳಿದ್ಯಲ್ಲ,” ಎಂದರು ಇವರು.

ಹೊಟ್ಟೆಯೊಳಗಿನಿಂದಲೇ ಕೇಳಿಕೊಂಡು ಬಂದಿದ್ದಾಳೆ. ಹತ್ತಿ ಇದ್ದದ್ದು ನನ್ನ ಕಿವಿಯಲ್ಲಿ, ಅವಳ ಕಿವಿಯಲ್ಲಲ್ಲ. ತಟ್ಟೆ, ಬೀಗದ ಕೈ, ಟ್ರೇ ಎಲ್ಲ ಅವಳಿಗೆ ಬೇರೆ ಮನೆಯ ಮಕ್ಕಳಿಗೆ ಗಾಳಿ ಬೀಸಿದ ಹಾಗೆ. ತಗಡಿನವರ ಮನೆಯಲ್ಲಿ ತಟ್ಟೆ ಬೀಳಿಸಿ ಕಿವಿ ಪರೀಕ್ಷೆ ಮಾಡಿದ್ದೇನೆ ನಾನು, ಓದಿದವಳು.

ಜೂನ್ 26, ಗುರುವಾರ

ಒಂದು ಯೋಚನೆ ಬಂತು. ಸುತ್ತಿಗೆ ಬಿದ್ದಾಗ ನೆಲ ನಡುಗುತ್ತದೆ. ತೊಟ್ಟಿಲೂ ನಡುಗುತ್ತದೆ. ಮಗುವಿಗೆ ಗೊತ್ತಾಗುವುದು ಸದ್ದಲ್ಲದೆ ಬರೀ ನಡುಕವಾಗಿದ್ದರೆ? ಅದು ಚರ್ಮದ ನರಗಳ ಕೆಲಸ, ಮಿದುಳುಬಳ್ಳಿಯ ದಾರಿ. ಎಂಟನೆಯ ನರಕ್ಕೂ ಅದಕ್ಕೂ ಸಂಬಂಧವಿಲ್ಲ.

ಊಟದ ಹೊತ್ತಿಗೆ ಹೇಳಿದೆ.

ಮಾವ ತುತ್ತು ಹಾಗೇ ಹಿಡಿದು ಅತ್ತೆಯ ಕಡೆ ತಿರುಗಿದರು. “ನೋಡಿದ್ಯಾ, ಮಗುಗೆ ಕಿವಿ ಕೇಳ್ಸತ್ತೆ ಅಂದ್ರೆ ಇವಳಿಗೆ ನಷ್ಟ ಆದ ಹಾಗಿದೆ.”

“ಅವಳು ಹೇಳೋದ್ರಲ್ಲೂ ನ್ಯಾಯ ಇದೆ,” ಎಂದರು ಅತ್ತೆ. “ನಿಮಗೆ ನಾನು ಕರೆದಿದ್ದು ಕೇಳ್ಸಲ್ಲ, ಪಾತ್ರೆ ಕುಕ್ಕಿದ್ರೆ ಗೊತ್ತಾಗತ್ತೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ. ಆದರೂ ಯಂತ್ರ ಹೇಳುವ ತನಕ ನಾನು ನಂಬುವವಳಲ್ಲ.

ಇವರು ಕೆಳಗೆ ಹೋಗಿ ಫೋನಿನಲ್ಲಿ ಸುತ್ತಿಗೆ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದರು. ನಾನು ಹೇಳಿರಲಿಲ್ಲ. ಟೀ ಕೂಡ ಕೊಟ್ಟಿರಲಿಲ್ಲ.

ಜುಲೈ 1, ಮಂಗಳವಾರ

ಸ್ಪಂಜಿನ ಕೋಣೆ. ಬಾಗಿಲು ಮುಚ್ಚಿತು. ರಿವೆಟ್ಟು ಕಣ್ಣು ಬಿಟ್ಟಳು, ತುಟಿ ಸೊಟ್ಟ ಮಾಡಿದಳು. ಇವರು ದೂರದ ಕುರ್ಚಿಯ ಮೇಲೆ ಫೋನ್ ಇಟ್ಟು ಒತ್ತಿದರು. ಟಣ್, ಟಣ್, ಟಣ್, ನಡುವೆ ಮಾವನ ಕೆಮ್ಮು.

ತುಟಿ ನೆಟ್ಟಗಾಯಿತು. ರೆಪ್ಪೆ ಇಳಿಯಿತು.

ಇಲ್ಲಿ ನೆಲ ನಡುಗುತ್ತಿರಲಿಲ್ಲ. ನಾನು ಕುರ್ಚಿಯ ಕಾಲನ್ನು ಮುಟ್ಟಿ ನೋಡಿದೆ.

“ಇದೇನು ಇದು?” ಎಂದಳು ಹುಡುಗಿ, ಮೆಲುದನಿ ಮರೆತು.

“ಲಾಲಿ,” ಎಂದರು ಇವರು.

“ಆದ್ರೆ ಈ ಸದ್ದಿದ್ರೆ ಪರೀಕ್ಷೆ ಮಾಡೋಕಾಗಲ್ಲ. ನಿಲ್ಲಿಸ್ಬೇಕು.”

“ಒಂದೇ ಸಲ ನಿಲ್ಲಿಸಿದ್ರೆ ಎದ್ದುಬಿಡ್ತಾಳೆ,” ಎಂದು ಫೋನನ್ನು ನಾನು ತೆಗೆದುಕೊಂಡೆ. ಒಂದೇ ತೆರನಾದ ಸದ್ದು ಬರುತ್ತಲೇ ಇದ್ದರೆ ಮಿದುಳು ಅದನ್ನು ಕಡತಕ್ಕೆ ಸೇರಿಸಿ ಮರೆತುಬಿಡುತ್ತದೆ. ಅದನ್ನು ಎಬ್ಬಿಸುವುದು ಬದಲಾವಣೆ. ಹಾಗಾದರೆ ಬದಲಾವಣೆ ಗೊತ್ತಾಗದಂತೆ ಬದಲಾಯಿಸಬೇಕು. ಸದ್ದನ್ನು ಒಂದು ಗೆರೆ ಇಳಿಸಿದೆ, ಕಾದೆ. ಇನ್ನೊಂದು ಗೆರೆ. ಹುಡುಗಿ ಅಂಟು ಬಿಲ್ಲೆಗಳನ್ನು ಹಿಡಿದುಕೊಂಡು ಉಸಿರು ಬಿಗಿಹಿಡಿದಿದ್ದಳು. ಅಂಗಡಿ ಬೀದಿಯ ಕೊನೆಗೆ ಹೋಯಿತು, ಊರಾಚೆ ಹೋಯಿತು. ಕೊನೆಗೆ ಇಲ್ಲವಾಯಿತು. ರಿವೆಟ್ಟು ಮಲಗಿಯೇ ಇದ್ದಳು.

ಪರದೆಯ ಮೇಲೆ ಮೊದಲು ಬರೀ ಗೀಚು. ಆಮೇಲೆ ಗೀಚಿನೊಳಗಿನಿಂದ ನಿಧಾನವಾಗಿ ಒಂದು ಗುಡ್ಡ ಎದ್ದಿತು. ಸ್ವಲ್ಪ ಮುಂದೆ ಇನ್ನೊಂದು. ಇನ್ನೂ ಮುಂದೆ ಮತ್ತೊಂದು.

“ಇದು ನರ,” ಹುಡುಗಿ ಬೆರಳಿಟ್ಟು ತೋರಿಸಿದಳು. “ಇದು ಮಿದುಳಿನ ಬುಡ. ಇಲ್ಲಿ ಇನ್ನೂ ಮೇಲಕ್ಕೆ ಹತ್ತಿತು.”

ಪುಸ್ತಕದಲ್ಲಿ ನೋಡಿದ್ದೆ. ಕರಿಹಲಗೆಯ ಮೇಲೆ ಬರೆದಿದ್ದೆ. ತಪ್ಪು ಬರೆದ ಹುಡುಗರಿಗೆ ಅಂಕ ಕಳೆದಿದ್ದೆ. ಅದು ಒಂದು ಕೂಸಿನ ತಲೆಯಲ್ಲಿ ಹೀಗೆ ನಡೆದು ಹೋಗುವುದನ್ನು ನೋಡಿರಲಿಲ್ಲ.

“ಬಲಗಿವಿ ಚೆನ್ನಾಗಿದೆ. ಎಡಗಿವಿನೂ ಚೆನ್ನಾಗಿದೆ,” ಎಂದಳು. ಮಗುವನ್ನು ಅಂಗಡಿಯೊಳಗೆ ಕರೆದುಕೊಂಡು ಹೋಗಬೇಡಿ, ಮೇಲೆ ಹಿಂದಿನ ಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗಿಸಿ, ದೊಡ್ಡವರೂ ಕಿವಿಗೆ ಏನಾದರೂ ಹಾಕಿಕೊಂಡು ಕೆಲಸ ಮಾಡಲಿ ಎಂದಳು. ನಾನು ತಲೆಯಾಡಿಸುತ್ತಲೇ ಇದ್ದೆ. ಕಣ್ಣು ತುಂಬಿದ್ದು ಗೊತ್ತಾಗಿ ಅವಳು ಬಿಲ್ಲೆ ಒರೆಸುವ ಹತ್ತಿಯ ಉಂಡೆ ಕೊಟ್ಟಳು. ಅದರಲ್ಲೇ ಒರೆಸಿಕೊಂಡೆ.

ಮನೆಗೆ ಬಂದು ದಾರ ಜಗ್ಗಿದೆ. ಶುಭ ಸುದ್ದಿಗೆ ಎಷ್ಟು ಸಲ ಎಂದು ಯಾರೂ ಗೊತ್ತುಮಾಡಿರಲಿಲ್ಲ. ಐದು ಎಂದು ನಾನೇ ಗೊತ್ತುಮಾಡಿದೆ. ಕೆಳಗೆ ಸುತ್ತಿಗೆ ನಿಂತಿತು, ರಿವೆಟ್ಟು ಎದ್ದಳು, ಮಾವ ಬೈಸಿಕೊಂಡರು.

ಜುಲೈ 4, ಶುಕ್ರವಾರ

ಬರೆಯುವುದು ಹೆಚ್ಚೇನೂ ಇಲ್ಲ. ಬಟಾಣಿ ತಿಂದೆ. ಮಧ್ಯಾಹ್ನ ಇಬ್ಬರೂ ಮಲಗಿದ್ದೆವು. ಭಾನುವಾರಕ್ಕೆಂದು ಇವರು ರೆಕಾರ್ಡಿಂಗನ್ನು ಉದ್ದ ಮಾಡಿಕೊಟ್ಟಿದ್ದಾರೆ. ಮಾವನ ಕೆಮ್ಮು ತೆಗೆಯಬೇಡಿ ಎಂದು ನಾನೇ ಹೇಳಿದೆ. ಮಾವ ಈಗ ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು ಕೂರುತ್ತಾರೆ. “ಇನ್ಮೇಲೆ ಕೇಳಿಸ್ದೆ ಇರೋದಕ್ಕೆ ಡಾಕ್ಟರ್ ಅಪ್ಪಣೆನೇ ಇದೆ,” ಎಂದು ಅತ್ತೆಗೆ ಹೇಳಿದ್ದಾರೆ.

ರಿವೆಟ್ಟಿಗೆ ಎಣ್ಣೆ ಸವರುತ್ತ, ನೀನು ತೋಳು ಚಾಚಿದ್ದು ಹೇಗೆ, ಯಾವ ನರ ಯಾವ ನರಕ್ಕೆ ಹೇಳಿತು ಎಂದೆಲ್ಲ ಹೇಳುತ್ತಿದ್ದೆ. ಗಂಭೀರವಾಗಿ ಕೇಳಿದಳು, ಕೊನೆಗೆ ಆಕಳಿಸಿದಳು. ಕಾಲೇಜಿನ ಹುಡುಗರೂ ಅಷ್ಟೇ.

ಸಂಜೆ ಅಮ್ಮ ಫೋನ್ ಮಾಡಿದಳು. ಮಾತಿನ ಮಧ್ಯೆ, “ಅಬ್ಬಾ, ಅದೇನೇ ಆ ಶಬ್ದ ಇನ್ನೂ?” ಎಂದಳು.

“ಯಾವ ಶಬ್ದ?” ಎಂದೆ.

“ಅದೇ, ಕೇಳ್ತಿದ್ಯಲ್ಲ, ಟಣ್ ಟಣ್ ಅಂತ.”

ಕಿಟಕಿಯ ಹತ್ತಿರ ಹೋಗಿ ಕಿವಿಗೊಟ್ಟೆ. ಏನೂ ಇರಲಿಲ್ಲ. ಅಮ್ಮನಿಗೂ ವಯಸ್ಸಾಯಿತು. ಒಮ್ಮೆ ಕರೆಸಿಕೊಂಡು ಆ ಹುಡುಗಿಯ ಹತ್ತಿರ ಕಿವಿ ತೋರಿಸಬೇಕು.